ಪ್ರಶ್ನೆಪತ್ರಿಕೆ ಕಟ್ಟಿಕೊಂಡು ಇಳಕಲ್ಲಿಗೆ

ಮೊನ್ನೆ ನಮ್ಮ ಮನೆಯ ಮಿಕ್ಸರ್ ಸುಟ್ಟುಹೋಯಿತು. ಅದರ ಗ್ಯಾರಂಟಿ ಕಾರ್ಡು ಎಲ್ಲಿದೆ ಎಂದು ಹೆಂಡತಿ ವಿಜಯಾ ಕೇಳಿದಳು. ಕಾಗದಪತ್ರಗಳ ಮಟ್ಟಿಗೆ ನಮ್ಮ ಮನೆಯಲ್ಲಿ ನನ್ನದೇ ಕೊನೆಯ ಮಾತು. ಬಾಗಲಕೋಟೆಯ ಸರಕಾರಿ ಕಚೇರಿಯೊಂದರಲ್ಲಿ ಇಪ್ಪತ್ತು ವರ್ಷದ ಮೇಲೆ ಕಡತ ಕಟ್ಟಿದವನು ನಾನು. ಸ್ಟೂಲು ಹತ್ತಿ ಕಪಾಟಿನ ಮೇಲಿನ ಖಾನೆಯನ್ನೆಲ್ಲ ಕೆಳಗಿಳಿಸಿದೆ. ಕಾರ್ಡು ಸಿಗಲಿಲ್ಲ. ಸಿಕ್ಕಿದ್ದು ಒಂದು ನೀಲಿ ಫೈಲು. ಅದರ ಮೇಲೆ ನನ್ನದೇ ದುಂಡನೆಯ ಅಕ್ಷರದಲ್ಲಿ ‘ಮಕ್ಕಳ ಶೈಕ್ಷಣಿಕ ಪ್ರವಾಸಗಳು’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿತ್ತು.

ಸ್ವಂತ ಮಕ್ಕಳ ಜೊತೆ ತಿರುಗಾಡಿದ್ದಕ್ಕೂ ಫೈಲು ಇಡುವವನು ಎಂಥ ಮನುಷ್ಯನಿರಬೇಕು ಎಂದು ನೀವು ಕೇಳಬಹುದು. ನೀವು ಊಹಿಸುತ್ತಿರುವಂಥವನೇ. ಸ್ಟೂಲಿನ ಮೇಲೆ ನಿಂತುಕೊಂಡೇ ಅದನ್ನು ಬಿಚ್ಚಿದೆ. ಒಳಗೆ ನಾನೇ ತಯಾರಿಸಿದ ಪ್ರಶ್ನೆಪತ್ರಿಕೆಗಳು ದಿನಾಂಕದ ಪ್ರಕಾರ ಜೋಡಿಸಿಕೊಂಡು ಕೂತಿದ್ದವು. ಕೊನೆಯ ಹಾಳೆಯ ಉತ್ತರಗಳು ಮಾತ್ರ ನನ್ನ ಇಬ್ಬರು ಹೆಣ್ಣುಮಕ್ಕಳ ಅಕ್ಷರದಲ್ಲಿರಲಿಲ್ಲ. ಆರು ಪ್ರಶ್ನೆಗಳಿಗೆ ಮುತ್ತಿನಂಥ ಅಕ್ಷರದಲ್ಲಿ ಉತ್ತರ ಬರೆದು ಏಳನೆಯದನ್ನು ಖಾಲಿ ಬಿಟ್ಟಿತ್ತು. ಆ ಏಳನೆಯ ಪ್ರಶ್ನೆಯನ್ನು ಓದಿದ್ದೇ ನನ್ನ ಕಿವಿ ಬಿಸಿಯಾದವು. ಇಳಕಲ್ಲಿನ ಒಂದು ಮನೆಯಲ್ಲಿ ಆಗಬೇಕಿದ್ದದ್ದು ನಾಲ್ಕು ವರ್ಷ ತಡವಾಗಿ ಸ್ಟೂಲಿನ ಮೇಲೆ ಆಯಿತು.

ಇದಕ್ಕೆಲ್ಲ ಮೂಲ ಮಕ್ಕಳ ಶಾಲೆಯ ಒಂದು ಪಾಲಕರ ಸಭೆ. ಹೊರಗಿನಿಂದ ಬಂದ ಯಾರೋ ಒಬ್ಬರು, ಪುಸ್ತಕದ ಹೊರಗೂ ಕಲಿಕೆಯಿದೆ, ರಜೆಯ ದಿನ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ, ಆಟದಲ್ಲೇ ಪಾಠವಾಗಲಿ ಎಂದು ಚೆಂದವಾಗಿ ಮಾತಾಡಿದರು. ಉಳಿದ ಪಾಲಕರು ಚಪ್ಪಾಳೆ ತಟ್ಟಿ ಚಹಾ ಕುಡಿದು ಮನೆಗೆ ಹೋದರು. ನಾನು ಬರುವಾಗ ದಾರಿಯಲ್ಲಿ ನೀಲಿ ಫೈಲು ಕೊಂಡು ತಂದೆ. ಆಟದ ಮಾತು ನನ್ನ ತಲೆಯಲ್ಲಿ ನಿಲ್ಲಲಿಲ್ಲ. ಪಾಠದ ಮಾತು ನಿಂತಿತು.

ಮೊದಲ ಪ್ರವಾಸ ಬಾದಾಮಿಗೆ. ದೊಡ್ಡವಳು ಸ್ಮಿತಾ ಆಗ ಏಳನೆಯ ತರಗತಿ, ಸಣ್ಣವಳು ಪ್ರೀತಿ ನಾಲ್ಕನೆಯದು. ಮೊದಲನೆಯ ಗುಹೆಯ ನಟರಾಜನಿಗೆ ಎಷ್ಟು ಕೈ ಎಂಬುದು ನನ್ನ ಮೂರನೆಯ ಪ್ರಶ್ನೆ. ಪ್ರೀತಿ ಎಣಿಸಿ ಹದಿನೇಳು ಎಂದಳು. ಮತ್ತೆ ಎಣಿಸು ಎಂದೆ. ಹತ್ತೊಂಬತ್ತು ಆಯಿತು. ಹಿಂದೆ ಫೋಟೊ ತೆಗೆಸಿಕೊಳ್ಳಲು ಕಾಯುತ್ತಿದ್ದ ಒಂದು ದೊಡ್ಡ ಸಂಸಾರ ಅಸಹನೆಯಿಂದ ಕಾಲು ಬದಲಿಸುತ್ತಿತ್ತು. ಹದಿನೆಂಟು ಬರುವ ತನಕ ನಾನು ಬಿಡಲಿಲ್ಲ. ಕೈ ಎಣಿಸುವ ಗದ್ದಲದಲ್ಲಿ ಅವಳು ಅವನ ಕುಣಿತವನ್ನು ನೋಡಲೇ ಇಲ್ಲ ಎಂಬುದು ನನಗೆ ಆಗ ಹೊಳೆಯಲಿಲ್ಲ.

ಮೆಟ್ಟಿಲು ಇಳಿಯುವಾಗ ಒಂದು ಮಂಗ ಸ್ಮಿತಾಳ ಕೈಯಿಂದ ಪ್ರಶ್ನೆಪತ್ರಿಕೆ ಕಸಿದುಕೊಂಡು ಬಂಡೆಯ ಮೇಲೆ ಕೂತಿತು. ಹಾಳೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, ಮೂಲೆಯಿಂದ ತಿನ್ನಲು ಶುರುಮಾಡಿತು.

“ಅಪ್ಪಾ, ಅದನ್ನ ಪಾಸ್ ಮಾಡಿಬಿಡ್ರಿ,” ಎಂದಳು ಸ್ಮಿತಾ. ಆ ದಿನ ನನ್ನ ಮಕ್ಕಳು ನಕ್ಕಿದ್ದು ಅದೊಂದೇ ಸಲ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಚೀಲದೊಳಗೆ ಕೈ ಹಾಕಿ ಇನ್ನೊಂದು ಪ್ರತಿ ತೆಗೆದೆ. ಗುಮಾಸ್ತನ ಹತ್ತಿರ ಯಾವಾಗಲೂ ಇನ್ನೊಂದು ಪ್ರತಿ ಇರುತ್ತದೆ.

ಮಧ್ಯಾಹ್ನ ಬನಶಂಕರಿಯಲ್ಲಿ ಊಟ. ಅಲ್ಲಿ ಬುಟ್ಟಿ ಹೊತ್ತ ಹೆಂಗಸರು ಗಿಡದ ನೆರಳಲ್ಲಿ ಕೂತು ರೊಟ್ಟಿ, ಕಾಳುಪಲ್ಯ, ಕೆಂಪು ಖಾರ, ಸಣ್ಣ ಕುಡಿಕೆಯ ಗಟ್ಟಿ ಮೊಸರು ಬಡಿಸುವುದು ನಿಮಗೆ ಗೊತ್ತಿರಬಹುದು. ಮಕ್ಕಳು ಹಸಿದಿದ್ದರು. ಎಲೆಗೆ ರೊಟ್ಟಿ ಬಿದ್ದ ಕೂಡಲೇ ನಾನು, ಜೋಳದ ರೊಟ್ಟಿಗೂ ಸಜ್ಜೆಯ ರೊಟ್ಟಿಗೂ ಇರುವ ಮೂರು ವ್ಯತ್ಯಾಸ ಹೇಳಿರಿ ಎಂದೆ. ಬಡಿಸುತ್ತಿದ್ದ ಮುದುಕಿ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು.

“ಯಪ್ಪಾ, ಉಣ್ಣಾಕ ಬಂದೀರೋ, ಪರೀಕ್ಷಾ ತಗೊಳ್ಳಾಕ ಬಂದೀರೋ? ಕೂಸುಗಳು ಮೊದಲ ಉಣ್ಣಲಿ.”

ವಿಜಯಾ ಸೆರಗು ಬಾಯಿಗೆ ಹಿಡಿದು ಆ ಕಡೆ ತಿರುಗಿದಳು. ನಾನು ಆ ಮುದುಕಿಯನ್ನು ಕ್ಷಮಿಸಿಬಿಟ್ಟೆ. ಆಗಿನ ನನ್ನ ಸ್ಥಿತಿ ಹಾಗಿತ್ತು. ಯಾರಾದರೂ ಸರಿಯಾದ ಮಾತು ಹೇಳಿದರೆ ದೊಡ್ಡ ಮನಸ್ಸು ಮಾಡಿ ಅವರನ್ನು ಕ್ಷಮಿಸಿಬಿಡುತ್ತಿದ್ದೆ.

ಇನ್ನೊಂದು ಭಾನುವಾರ ಮಕ್ಕಳಿಗೆ ನನ್ನ ಬಾಲ್ಯವನ್ನೇ ಪಾಠವಾಗಿ ಕೊಡೋಣ ಎನ್ನಿಸಿತು. ಈಗ ನಾವಿರುವುದು ನವನಗರದಲ್ಲಿ, ಸೆಕ್ಟರಿನ ನಂಬರು ಹೇಳಿ ಮನೆ ಹುಡುಕುವ ಊರಿನಲ್ಲಿ. ನಾನು ಹುಟ್ಟಿ ಬೆಳೆದ ಮನೆ ಹಳೇ ಬಾಗಲಕೋಟೆಯ ತಗ್ಗಿನ ಓಣಿಯಲ್ಲಿತ್ತು. ಆಲಮಟ್ಟಿಯ ಹಿನ್ನೀರು ಏರಿದಾಗ ಅದು ಮುಳುಗಿತು. ದಂಡೆಯ ಮೇಲೆ ಮಕ್ಕಳನ್ನು ನಿಲ್ಲಿಸಿ, ಅಲ್ಲಿ ನೋಡಿ, ಅಲ್ಲಿ ನಮ್ಮ ಮನೆ ಇತ್ತು ಎಂದು ನೀರಿನ ಕಡೆ ಬೆರಳು ತೋರಿಸಿದೆ. “ನೀರು ಐತಿ ಅಪ್ಪಾ,” ಎಂದಳು ಪ್ರೀತಿ. ಅದರಲ್ಲಿ ತಪ್ಪೇನಿರಲಿಲ್ಲ. ಆದರೆ ಪ್ರಶ್ನೆ ಬೇರೆ ಇತ್ತು, ಅಂಕ ಕೊಡಲಿಲ್ಲ.

ನಿಜ ಹೇಳಬೇಕೆಂದರೆ, ನಮ್ಮ ಬಾಲ್ಯದಲ್ಲಿ ಪ್ರವಾಸ ಎಂಬ ಶಬ್ದವೇ ಇರಲಿಲ್ಲ. ದಸರೆಯ ಮುಂದೆ ಓಣಿಯ ಹೆಂಗಸರೆಲ್ಲ ಹೊದೆಯುವ ಕೌದಿ ಒಗೆಯಲು ಘಟಪ್ರಭೆಗೆ ಹೋಗುತ್ತಿದ್ದರು. ಕೈಗಾಡಿಯ ಮೇಲೆ ಕೌದಿಯ ಗುಡ್ಡ, ಗುಡ್ಡದ ಮೇಲೆ ನಾವು. ನೆನೆದ ಕೌದಿಯನ್ನು ನಾಲ್ಕು ಮಂದಿ ಹಿಡಿದು ಹಿಂಡುವಾಗ ಕೆಂಪು, ಹಸಿರು, ಕಂದು ಬಣ್ಣದ ನೀರು ಇಳಿಯುತ್ತಿತ್ತು. ಬಿಸಿ ಬಂಡೆಯ ಮೇಲೆ ಹರವಿದ ಕೌದಿ ಅರ್ಧ ಒಣಗಿದಾಗ ಅದರ ಮೇಲೆ ಉರುಳಿದರೆ ಬೆನ್ನಿಗೆ ಬಿಸಿ, ಹೊಟ್ಟೆಗೆ ತಂಪು. ಶೇಂಗಾ ಚಟ್ನಿ ಸುತ್ತಿದ ರೊಟ್ಟಿ ಕೈಯಲ್ಲಿ. ದವಾಖಾನೆಯೊಂದರಲ್ಲಿ ಕಂಪೌಂಡರ್ ಆಗಿದ್ದ ಅಪ್ಪ ಒಂದು ವರ್ಷ ನಮ್ಮ ಜೊತೆ ಬಂದಿದ್ದ. ದಿನವಿಡೀ ನೀರಿನಲ್ಲಿ ಕಾಲು ಬಿಟ್ಟುಕೊಂಡು ಕೂತಿದ್ದ. ಏನನ್ನೂ ಹೇಳಿಕೊಡಲಿಲ್ಲ. ಸಂಜೆ ಏಳುವಾಗ “ಚಲೋ ಆತು” ಎಂದ, ಅಷ್ಟೇ. ಆ ದಿನ ನಾನು ಏನು ಕಲಿತೆ ಎಂದು ಯಾರಾದರೂ ಕೇಳಿದರೆ ನನ್ನ ಹಾಳೆಯೂ ಖಾಲಿಯೇ ಇರುತ್ತದೆ. ಇಷ್ಟೆಲ್ಲ ನೆನಪಿರುವವನು ಸ್ವಂತ ಮಕ್ಕಳಿಗೆ ನೀಲಿ ಫೈಲು ಮಾಡಿದ್ದು ಯಾಕೆ ಎಂಬುದು ನನಗೇ ತಿಳಿಯದ ಸಂಗತಿ.

ಇರಲಿ. ಇಳಕಲ್ಲಿನ ವಿಷಯಕ್ಕೆ ಬರಬೇಕು. ಬರಲು ಮನಸ್ಸಿಲ್ಲದ್ದಕ್ಕೇ ಇಷ್ಟು ಸುತ್ತು ಹಾಕುತ್ತಿದ್ದೇನೆ ಎಂದು ನಿಮಗೂ ಅನ್ನಿಸಿರಬೇಕು.

ಇಳಕಲ್ ಸೀರೆ ನೇಯುವುದನ್ನು ಮಕ್ಕಳಿಗೆ ತೋರಿಸಬೇಕೆಂದು ಹುನಗುಂದದಲ್ಲಿರುವ ನನ್ನ ಗೆಳೆಯನೊಬ್ಬನಿಗೆ ಹೇಳಿದ್ದೆ. ಅವನು ತನಗೆ ಪರಿಚಯದ ನೇಕಾರ ಈರಣ್ಣ ಎಂಬವರಿಗೆ ಫೋನು ಮಾಡಿದ. ಅವರು ಒಂದೇ ಮಾತಿಗೆ ಬರಲಿ ಎಂದರಂತೆ. ಭಾನುವಾರ ಮುಂಜಾನೆ ಕಾರಿನಲ್ಲಿ ಹೊರಟೆವು. ಹಿಂದಿನ ದಿನವಷ್ಟೇ ಪ್ರೀತಿ ಗಣಿತದ ಕಿರುಪರೀಕ್ಷೆಯಲ್ಲಿ ನಪಾಸಾಗಿ ಬಂದಿದ್ದಳು. ಆಗ ಅವಳು ಐದನೆಯ ತರಗತಿ. ಅಮೀನಗಡದಲ್ಲಿ ಕರದಂಟು ಕೊಳ್ಳಲು ಕಾರು ನಿಲ್ಲಿಸಿದೆವು. ಅವಳು ಒಂದು ತುಂಡು ಬಾಯಿಗಿಡುವ ಹೊತ್ತಿಗೆ, ಏಳರ ಮಗ್ಗಿ ಹೇಳು ಎಂದೆ. ಏಳೇಳಲಿ ನಲವತ್ತೊಂಬತ್ತಕ್ಕೆ ಬಂದು ನಿಂತಳು. ಹುನಗುಂದ ದಾಟುವ ತನಕ ಅದೇ ನಡೆಯಿತು. ಮಗ್ಗಿ ಬಾರದವಳನ್ನು ಮಗ್ಗ ನೋಡಲು ಕರೆದೊಯ್ಯುತ್ತಿದ್ದೇನೆ ಎಂದು ನಾನೇ ಒಂದು ಚಟಾಕಿ ಹಾರಿಸಿ ನಾನೇ ನಕ್ಕೆ. ಕಾರಿನಲ್ಲಿ ಬೇರೆ ಯಾರೂ ನಗಲಿಲ್ಲ.

ಈರಣ್ಣ ನಲವತ್ತೈದರ ಆಸುಪಾಸಿನ ಮನುಷ್ಯ, ನನ್ನದೇ ವಯಸ್ಸು. ಮನೆಯ ಮುಂದಿನ ಪಡಸಾಲೆಯ ನೆಲದಲ್ಲೇ ಕುಣಿ ತೋಡಿ ಮಗ್ಗ ಹೂಡಿದ್ದರು. ನೇಯುವವರು ಅದರ ಅಂಚಿನ ಮೇಲೆ ಕೂತು ಕಾಲನ್ನು ಕುಣಿಯೊಳಗೆ ಇಳಿಬಿಟ್ಟು ತುಳಿಯಬೇಕು. ಅವರ ಹೆಂಡತಿ ಶಂಕ್ರವ್ವ ಬಾಗಿಲ ಬದಿಗೆ ಕೂತು ರಾಟೆಯಲ್ಲಿ ಕಂಡಿಕೆ ಸುತ್ತುತ್ತಿದ್ದರು. ಕಂಡಿಕೆಯೆಂದರೆ ಲಾಳಿಯ ಹೊಟ್ಟೆಯಲ್ಲಿ ಕೂರುವ ಸಣ್ಣ ನೂಲಿನ ಸುರುಳಿ. ಮಗಳು ರೇಣುಕಾ ನಮ್ಮ ಸ್ಮಿತಾಳ ವಾರಿಗೆಯವಳು, ಎಂಟನೆಯ ತರಗತಿ. ನಮಗೆ ಕೂರಲು ಜಮಖಾನೆ ಹಾಸಿ, ನೀರು ತಂದುಕೊಟ್ಟಳು.

ನಾನು ಮಕ್ಕಳ ಕೈಗೆ ಪ್ರಶ್ನೆಪತ್ರಿಕೆ ಕೊಟ್ಟು ಕೆಲಸ ಶುರುಮಾಡಿಸಿದೆ. ಮಗ್ಗದ ಭಾಗಗಳನ್ನು ಹೆಸರಿಸಿರಿ. ಒಡಲಿಗೂ ಸೆರಗಿಗೂ ಬಳಸುವ ನೂಲು ಯಾವುದು? ಎರಡನ್ನೂ ಜೋಡಿಸುವ ಕೊಂಡಿ ಎಂದರೇನು? ಈರಣ್ಣ ಪ್ರತಿಯೊಂದಕ್ಕೂ ಮಗ್ಗ ನಿಲ್ಲಿಸಿ ಸಮಾಧಾನದಿಂದ ಉತ್ತರ ಹೇಳಿದರು. ಒಡಲಿನ ಎಳೆಯ ಕುಣಿಕೆಯೊಳಗೆ ಸೆರಗಿನ ಎಳೆಯ ಕುಣಿಕೆ ಸಿಕ್ಕಿಸುವುದನ್ನು ತಾವೇ ಮಾಡಿ ತೋರಿಸಿದರು. ನಾನು ಮೊಬೈಲಿನಲ್ಲಿ ವೀಡಿಯೊ ತೆಗೆಯುತ್ತ, ಸ್ವಲ್ಪ ಈ ಕಡೆ ತಿರುಗಿ, ಇನ್ನೊಮ್ಮೆ ಲಾಳಿ ಹೊಡೆಯಿರಿ ಎಂದು ಹೇಳುತ್ತಿದ್ದೆ. ಅವರು ಇನ್ನೊಮ್ಮೆ ಹೊಡೆಯುತ್ತಿದ್ದರು. ಅದು ಅವರ ಮನೆ, ಅದು ಅವರ ಅನ್ನ ಎಂಬ ಎಚ್ಚರ ನನಗೆ ಇರಲಿಲ್ಲ. ವಸ್ತುಸಂಗ್ರಹಾಲಯಕ್ಕೆ ಬಂದವನ ಹಾಗೆ ಓಡಾಡಿದೆ.

ಅಷ್ಟರಲ್ಲಿ ಪ್ರೀತಿ ಕಾಣಲಿಲ್ಲ. ನೋಡಿದರೆ ಶಂಕ್ರವ್ವನ ಪಕ್ಕದಲ್ಲಿ ರಾಟೆಯ ಮುಂದೆ ಕೂತುಬಿಟ್ಟಿದ್ದಳು. ರೇಣುಕಾ ಅವಳ ಕೈ ಹಿಡಿದು ಎರಡು ಸುತ್ತು ತೋರಿಸಿದಳು. ಮೂರನೆಯದಕ್ಕೆ ಕೈ ಬಿಟ್ಟಳು. ಪ್ರೀತಿ ಬಲಗೈಯಲ್ಲಿ ರಾಟೆ ತಿರುಗಿಸುತ್ತ ಎಡಗೈಯ ಬೆರಳ ನಡುವೆ ನೂಲು ಬಿಡುತ್ತ ಹೋದಳು. ಎಳೆ ಹರಿಯಲಿಲ್ಲ. ಕಂಡಿಕೆ ಹೊಟ್ಟೆ ಉಬ್ಬಿಸಿಕೊಂಡು ಒಪ್ಪವಾಗಿ ಬೆಳೆಯಿತು. ಶಂಕ್ರವ್ವ ಬೆರಗಾದರು.

“ನಮ್ಮ ರೇಣುಕಾಗ ಇದು ಬರಬೇಕಾದ್ರ ಎಂಟ ದಿನ ಹಿಡೀತು. ಈಕಿಗೆ ಕೈ ಹತ್ತಿತು ನೋಡ್ರಿ.”

ಪ್ರೀತಿ ನನ್ನ ಕಡೆ ತಿರುಗಿ ನಕ್ಕಳು. ಹಿಂದಿನ ದಿನದಿಂದ ಮುಖ ಬಾಡಿಸಿಕೊಂಡಿದ್ದ ಹುಡುಗಿ ಹಲ್ಲು ಕಾಣುವಂತೆ ನಕ್ಕಳು. ಒಬ್ಬ ತಂದೆಗೆ ಆ ದಿನ ಬೇಕಾದದ್ದು ಅಷ್ಟೇ ಆಗಿತ್ತು, ಅದಕ್ಕಿಂತ ದೊಡ್ಡ ಪ್ರವಾಸ ಇರಲಿಲ್ಲ. ನನಗೆ ಕಂಡದ್ದು ಅವಳ ತೊಡೆಯ ಮೇಲಿದ್ದ ಖಾಲಿ ಹಾಳೆ. ಒಂದು ಉತ್ತರವನ್ನೂ ಬರೆದಿರಲಿಲ್ಲ. ನಿನ್ನೆಯ ನಪಾಸು, ಏಳರ ಮಗ್ಗಿ ಎಲ್ಲ ಒಟ್ಟಾಗಿ ಬಾಯಿಗೆ ಬಂತು.

“ಇದರಾಗ ಶಾಣ್ಯಾಕಿ ಆಗಿ ಏನ್ ಮಾಡ್ತಿ? ಓದಲಿಲ್ಲಂದ್ರ ನಾಳೆ ಹಿಂಗ ಕುಣಿಯಾಗ ಕುಂಡ್ರಬೇಕಾಗ್ತೈತಿ. ಸರಿಯಾಗಿ ನೋಡಿಟ್ಕೊ,” ಎಂದೆ.

ಮಗ್ಗ ನಡೆಯುತ್ತಿದ್ದರೆ ಆ ಸದ್ದಿನಲ್ಲಿ ಮಾತು ಮುಳುಗಿ ಹೋಗುತ್ತಿತ್ತೇನೋ. ಆದರೆ ಅದೇ ಗಳಿಗೆಯಲ್ಲಿ ಒಂದು ಎಳೆ ಹರಿದು ಈರಣ್ಣ ಮಗ್ಗ ನಿಲ್ಲಿಸಿದ್ದರು. ನನ್ನ ಮಾತು ಪಡಸಾಲೆಯ ತುಂಬ ಒಂಟಿಯಾಗಿ ನಿಂತಿತು. ಅವರು ತಲೆ ಎತ್ತಲಿಲ್ಲ. ಹರಿದ ಎಳೆಯ ಎರಡು ತುದಿ ಹುಡುಕಿ ಬೆರಳಲ್ಲಿ ಹೊಸೆದು ಗಂಟು ಹಾಕಿದರು. ಅದಕ್ಕೆ ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ, ನನಗಂತೂ ಮುಗಿಯಲೇ ಇಲ್ಲ. ಆಮೇಲೆ ಲಾಳಿ ಮತ್ತೆ ಓಡಿತು. ಶಂಕ್ರವ್ವ ಎದ್ದು, “ಚಹಾ ಇಡ್ತೇನ್ರಿ,” ಎಂದು ಒಳಗೆ ಹೋದರು. ಪ್ರೀತಿ ರಾಟೆಯಿಂದ ಕೈ ತೆಗೆದಳು.

ಆಗಲೇ ಒಂದು ಮಾತು ಹೇಳಬಹುದಿತ್ತು. ತಪ್ಪಾಯಿತು ಎನ್ನಲು ಎಷ್ಟು ಉಸಿರು ಬೇಕು? ನಾನು ಕೆಮ್ಮಿ, ಈ ಅಂಚಿಗೆ ಏನೆನ್ನುತ್ತಾರೆ ಎಂದು ಇನ್ನೊಂದು ಪ್ರಶ್ನೆ ಕೇಳಿದೆ. ಈರಣ್ಣ ಅದಕ್ಕೂ ಉತ್ತರ ಕೊಟ್ಟರು.

ಚಹಾ ಬಂತು. ನಾವು ಕುಡಿಯುವಾಗ ರೇಣುಕಾ ಮೆಲ್ಲಗೆ ಪ್ರೀತಿಯ ತೊಡೆಯಿಂದ ಹಾಳೆ ತೆಗೆದುಕೊಂಡು, ಪೆನ್ನು ಇಸಿದುಕೊಂಡು, ಅವಳ ಪರವಾಗಿ ಉತ್ತರ ಬರೆಯತೊಡಗಿದಳು. ಪ್ರೀತಿ ಇನ್ನೊಮ್ಮೆ ಬೈಸಿಕೊಳ್ಳದಿರಲಿ ಎಂದು ಹಾಗೆ ಮಾಡಿದ್ದು. ಎಂಥ ಜಾಣ ಹುಡುಗಿ ಎಂದುಕೊಂಡೆನೇ ಹೊರತು ತಡೆಯಲಿಲ್ಲ. ಏಳನೆಯ ಪ್ರಶ್ನೆ ಏನೆಂಬುದು ನನಗೆ ನೆನಪಿಗೆ ಬರಲಿಲ್ಲ. ‘ನೇಕಾರರು ಹಿಂದುಳಿಯಲು ಕಾರಣಗಳನ್ನು ಪಟ್ಟಿ ಮಾಡಿರಿ’ ಎಂದು ಬರೆದಿದ್ದೆ. ಅದಕ್ಕೆ ನಾಲ್ಕು ಅಂಕ.

ಏಳುವ ಹೊತ್ತಿಗೆ ವಿಜಯಾ ತನಗೊಂದು ಸೀರೆ ನೇಯ್ದುಕೊಡಿ ಎಂದಳು. ಅದು ಸೀರೆಯ ಆಸೆಗೆ ಕೇಳಿದ್ದಲ್ಲ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಾಗಿರಬೇಕು. ಬಣ್ಣ ಯಾವುದಿರಲಿ ಎಂದು ಈರಣ್ಣ ಕೇಳಿದರು. ನಿಮಗೆ ಯಾವುದು ಚಂದ ಅನ್ನಿಸುತ್ತದೋ ಅದು ಎಂದಳು. ಬಾಗಿಲಲ್ಲಿ ಸ್ಮಿತಾ, ನೀನೂ ನಮ್ಮ ಮನೆಗೆ ಬಾ ಎಂದು ರೇಣುಕಾಳಿಗೆ ಹೇಳುವುದು ಕೇಳಿಸಿತು. “ಬಂದ್ರ ನಾನೂ ಹಿಂಗ ಪ್ರಶ್ನೆ ಬರಕೊಂಡು ಬರಲೇನು?” ಎಂದಳು ಅವಳು. “ಬರಕೊಂಡ ಬಾ, ನಮ್ಮಪ್ಪಗ ಭಾಳ ಖುಷಿ ಆಗ್ತೈತಿ,” ಎಂದಳು ನನ್ನ ಮಗಳು.

ವಾಪಸು ಬರುವಾಗ ಮಗ್ಗಿ ಕೇಳಲಿಲ್ಲ. ಹುನಗುಂದದ ಹತ್ತಿರ ಹಿಂದಿನ ಸೀಟಿನಿಂದ ಪ್ರೀತಿ ಕೇಳಿದಳು.

“ಅಪ್ಪಾ, ನೀವು ಅಂದದ್ದು ಅವರಿಗೆ ಕೇಳಿಸ್ತೇನು?”

“ಮಗ್ಗದ ಸಪ್ಪಳದಾಗ ಏನ ಕೇಳಸ್ತೈತಿ,” ಎಂದೆ.

ವಿಜಯಾ ಕಿಟಕಿಯ ಹೊರಗೆ ನೋಡುತ್ತಿದ್ದಳು. ಬಾಗಲಕೋಟೆ ಬರುವ ತನಕ ಹಾಗೇ ನೋಡಿದಳು. ಮರುದಿನ ಆ ವೀಡಿಯೊ ಅಳಿಸಿಹಾಕಿದೆ. ಅದರಲ್ಲಿ ನನ್ನ ದನಿಯೇ ಜಾಸ್ತಿ ಇತ್ತು. ನೀಲಿ ಫೈಲಿಗೆ ಆಮೇಲೆ ಒಂದು ಹಾಳೆಯೂ ಸೇರಲಿಲ್ಲ.

ಸುಮಾರು ಎರಡು ತಿಂಗಳು ಕಳೆಯಿತು. ಒಂದು ಭಾನುವಾರ ಮಧ್ಯಾಹ್ನ ಈರಣ್ಣ ಫೋನು ಮಾಡಿದರು. ರೇಣುಕಾಳಿಗೆ ಬಾಗಲಕೋಟೆಯಲ್ಲಿ ಚಿತ್ರಕಲೆಯ ಸ್ಪರ್ಧೆಯಿತ್ತಂತೆ, ಮುಗಿಯಿತು, ಸೀರೆ ತಂದಿದ್ದೇನೆ, ಕೊಟ್ಟು ಹೋಗಲೇ ಎಂದರು. ನಾನು ಕಾರು ತೆಗೆದುಕೊಂಡು ಓಡಿ ಇಬ್ಬರನ್ನೂ ಮನೆಗೆ ಕರೆತಂದೆ. ವಿಜಯಾ ಊಟಕ್ಕೆ ಹಾಕಿದಳು. ಸೀರೆ ಬಿಚ್ಚಿದಾಗ ದಾಳಿಂಬೆ ಬಣ್ಣದ ಒಡಲು, ಕೆಂಪು ಸೆರಗು. ಕೊಂಡಿ ಎಲ್ಲಿದೆ ಎಂದು ಪ್ರೀತಿ ಬೆರಳಾಡಿಸಿ ಹುಡುಕಿ ಹಿಡಿದಳು. ಎಲ್ಲ ಸರಿಹೋಯಿತು, ನಾನು ಸುಮ್ಮನೆ ಕೊರಗಿದೆ ಎಂದುಕೊಳ್ಳುವಷ್ಟರಲ್ಲಿ ರೇಣುಕಾ ಚೀಲದಿಂದ ನೋಟುಪುಸ್ತಕ ತೆಗೆದಳು.

“ಅಂಕಲ್, ಪ್ರಶ್ನೆ ಬರಕೊಂಡು ಬಂದೇನ್ರಿ. ಕೇಳ್ಲಿ?”

ಅವಳ ಮುಖದಲ್ಲಿ ಕುಹಕ ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ನನ್ನ ಹಾಗೆಯೇ ನಂಬರು ಹಾಕಿ, ಗೆರೆ ಎಳೆದು, ಉತ್ತರಕ್ಕೆ ಜಾಗ ಬಿಟ್ಟು ತಯಾರಿಸಿದ್ದಳು.

ನಿಮ್ಮ ಕೆಲಸದ ಹೆಸರೇನು? ಹೇಳಿದೆ. ಬರೆದುಕೊಂಡಳು. ಈ ಕೆಲಸ ಕಲಿಯಲು ಎಷ್ಟು ದಿನ ಬೇಕು? ನನಗೆ ಯಾರೂ ಕಲಿಸಿರಲಿಲ್ಲ. ಮೊದಲ ದಿನ ಒಂದು ಕುರ್ಚಿ ತೋರಿಸಿದ್ದರು. ಒಂದು ವಾರ ಎಂದೆ. “ಅಷ್ಟ ಏನ್ರಿ?” ಎಂದು ಕೇಳಿ ಅದನ್ನೂ ಬರೆದುಕೊಂಡಳು. ಕೆಲಸ ಮಾಡುವಾಗ ಮೈಯಲ್ಲಿ ಎಲ್ಲಿ ನೋಯುತ್ತದೆ? ಬೆನ್ನು ಎಂದೆ, ಕೆಳಗೆ, ಎಡಕ್ಕೆ. ಈರಣ್ಣ ಗೋಡೆಗೆ ಒರಗಿದ್ದವರು ಮುಂದಕ್ಕೆ ಬಾಗಿದರು. “ನನಗೂ ಅಲ್ಲೇ ರೀ,” ಎಂದರು. ಯಾವ ಎಣ್ಣೆ ಹಚ್ಚುತ್ತೀರಿ ಎಂದು ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಿಕೊಂಡೆವು. ಆ ದಿನದ ಒಳ್ಳೆಯ ಗಳಿಗೆ ಅದು.

“ನಾಲ್ಕನೇದು,” ಎಂದಳು ರೇಣುಕಾ. “ನೀವು ಮಾಡಿದ್ದನ್ನು ತೋರಿಸಿರಿ.”

“ಏನು ತೋರಸ್ಲಿ?”

“ನೀವು ಇಷ್ಟ ವರ್ಷ ಕೆಲಸ ಮಾಡೀರಲ್ರಿ, ಅದನ್ನ. ನಾವು ಸೀರಿ ತೋರಸ್ತೇವಲ್ಲ, ಹಂಗ.”

ನಾನು ಮನೆಯ ಸುತ್ತ ನೋಡಿದೆ. ಕಚೇರಿಯಲ್ಲಿ ನಾನು ಬರೆದ ಟಿಪ್ಪಣಿಗಳೆಲ್ಲ ಕಚೇರಿಯಲ್ಲೇ ಇವೆ; ಅಲ್ಲಿಯೂ ಯಾರಾದರೂ ತೋರಿಸು ಎಂದರೆ ತೋರಿಸುವಂಥದ್ದಲ್ಲ. ನಾನು ಮಾಡಿದ್ದೆಂದು ಕೈಯಲ್ಲಿ ಹಿಡಿದು ಕೊಡಬಹುದಾದ ಒಂದು ವಸ್ತುವೂ ಆ ಮನೆಯಲ್ಲಿರಲಿಲ್ಲ. ನನ್ನ ಕಷ್ಟ ನೋಡಲಾರದೆ ಪ್ರೀತಿ ಒಳಗೆ ಓಡಿದಳು. ನೀಲಿ ಫೈಲು ತಂದು ಈರಣ್ಣನವರ ಕೈಯಲ್ಲಿಟ್ಟಳು.

“ಇದನ್ನ ನಮ್ಮಪ್ಪ ಮಾಡ್ಯಾರ್ರಿ. ಎಲ್ಲಾ ಅವರ ಬರದದ್ದು.”

ತಡೆಯಲು ಎದ್ದೆ. ಅತಿಥಿಯ ಕೈಯಿಂದ ಫೈಲು ಕಿತ್ತುಕೊಳ್ಳುವುದು ಹೇಗೆ? ಈರಣ್ಣ ಒಂದೊಂದೇ ಹಾಳೆ ಮಗುಚಿದರು. ಬಟ್ಟೆಯ ಥಾನು ನೋಡುವವರ ಹಾಗೆ ಅಂಚು ಸವರಿ ನೋಡುತ್ತಿದ್ದರು. ಕೊನೆಯ ಹಾಳೆಗೆ ಬಂದಾಗ ಮಗಳ ಅಕ್ಷರ ಗುರುತು ಹಿಡಿದರು. “ಇದು ನಿಂದಲ್ಲೇನು?” ಎಂದು ನಗುತ್ತ ಓದತೊಡಗಿದರು. ತುಟಿ ಅಲುಗುತ್ತಿತ್ತು. ಒಂದು, ಎರಡು, ಮೂರು. ಏಳಕ್ಕೆ ಬಂದಾಗ ತುಟಿ ನಿಂತಿತು. ಖಾಲಿ ಜಾಗದ ಮೇಲೆ ಒಂದು ಸಲ ಹೆಬ್ಬೆರಳು ಆಡಿಸಿದರು. ಆಮೇಲೆ ಫೈಲು ಮುಚ್ಚಿ, ಅದರ ದಾರವನ್ನು ನೀಟಾಗಿ ಕಟ್ಟಿ, ನನಗೆ ಎರಡೂ ಕೈಯಿಂದ ವಾಪಸು ಕೊಟ್ಟರು.

“ನಿಮ್ಮ ಅಕ್ಷರ ಭಾಳ ಚಲೋ ಅದಾವ್ರಿ,” ಎಂದರು.

ರೇಣುಕಾ ನಾಲ್ಕನೆಯ ಪ್ರಶ್ನೆಯ ಮುಂದೆ ‘ಪ್ರಶ್ನೆಪತ್ರಿಕೆಗಳು’ ಎಂದು ಬರೆದುಕೊಂಡಳು. ಐದನೆಯದನ್ನು ಕೇಳಲು ಬಾಯಿ ತೆರೆದಳು. ಬಸ್ಸಿಗೆ ಹೊತ್ತಾಯಿತು ಎಂದು ಅವಳ ಅಪ್ಪ ಎದ್ದರು.

ಬಸ್ ನಿಲ್ದಾಣದ ತನಕ ನಾನೂ ಸ್ಮಿತಾಳೂ ಹೋದೆವು. ಇಳಕಲ್ ಬಸ್ಸು ಇನ್ನೂ ಬಂದಿರಲಿಲ್ಲ. ಹುಡುಗಿಯರಿಬ್ಬರೂ ಪೇರಲ ಹಣ್ಣು ಕೊಳ್ಳಲು ಗಾಡಿಯ ಕಡೆ ಹೋದರು. ಬೆಂಚಿನ ಮೇಲೆ ನಾವಿಬ್ಬರೇ ಉಳಿದೆವು. ಈಗ ಹೇಳದಿದ್ದರೆ ಇನ್ನೆಂದೂ ಹೇಳುವುದಿಲ್ಲ ಎಂದು ನನಗೆ ಖಚಿತವಿತ್ತು.

“ಈರಣ್ಣ, ಆವತ್ತ ನಿಮ್ಮ ಮನಿಯಾಗ ನಾ ಒಂದು ಮಾತು ಅಂದಿದ್ದೆ.”

ಅವರು ಬಸ್ಸು ಬರುವ ದಾರಿ ನೋಡುತ್ತಿದ್ದರು. “ಹೌದ್ರಿ,” ಎಂದರು.

ಯಾವ ಮಾತು ಎಂದು ಕೇಳಲಿಲ್ಲ. ಕೇಳುತ್ತಾರೆ, ನಾನು ವಿವರಿಸುತ್ತೇನೆ, ವಿವರಿಸುವಾಗ ಮಾತು ಒಂದಿಷ್ಟು ಮೆತ್ತಗಾಗುತ್ತದೆ ಎಂದು ಲೆಕ್ಕ ಹಾಕಿಕೊಂಡಿದ್ದೆ.

“ಹುಡುಗಿ ಮ್ಯಾಲಿನ ಸಿಟ್ಟಿನಾಗ ಅಂದಬಿಟ್ಟೆ. ತಪ್ಪಾತು. ಅವತ್ತ ಹೇಳಬೇಕಿತ್ತು.”

“ಅದೇನ ಹೊಸಾ ಮಾತಲ್ಲ ಬಿಡ್ರಿ,” ಎಂದರು ಈರಣ್ಣ. “ರೇಣುಕಾಗ ನಾನೂ ದಿನಾ ಅದನ್ನ ಅಂತಿದ್ದೆ. ಓದವ್ವಾ, ಇಲ್ಲಂದ್ರ ನಿನಗೂ ಇದ ಕುಣಿ ಗತಿ ಅಂತ. ಆಕಿ ನಗತಿದ್ಲು. ನೀ ಮೊದಲ ಎದ್ದು ಜಾಗಾ ಕೊಡಪಾ, ಆಮ್ಯಾಲೆ ಕುಂಡ್ರತೇನಿ ಅಂತಿದ್ಲು.”

ನನಗೆ ಎಷ್ಟು ನಿರಾಳವಾಯಿತೆಂದರೆ ಹೇಳಲು ನಾಚಿಕೆಯಾಗುತ್ತದೆ. ಎರಡು ತಿಂಗಳಿಂದ ಎದೆಯ ಮೇಲೆ ಹೊತ್ತ ಕಲ್ಲನ್ನು ಈ ಮನುಷ್ಯ ತಾನಾಗಿಯೇ ಎತ್ತಿ ಕೆಳಗಿಟ್ಟ ಎನ್ನಿಸಿತು. ಅಪ್ಪಂದಿರೆಲ್ಲ ಒಂದೇ ನೋಡ್ರಿ ಎಂದು ನಗುತ್ತ ಅವರ ಹೆಗಲು ಮುಟ್ಟಿದೆ. ಅವರೂ ನಗುತ್ತಾರೆಂದು ಕಾದೆ.

“ಹೌದ್ರಿ,” ಎಂದರು ಅವರು. ಮತ್ತೆ ದಾರಿಯ ಕಡೆ ತಿರುಗಿ, “ನೀವು ಅಂದ ಮ್ಯಾಲೆ ನಾ ಅನ್ನೂದು ಬಿಟ್ಟೇನಿ,” ಎಂದರು.

ದನಿಯಲ್ಲಿ ಸಿಟ್ಟಿರಲಿಲ್ಲ. ಎಲೆ ಅಡಿಕೆ ಬಿಟ್ಟೆ, ತಂಬಾಕು ಬಿಟ್ಟೆ ಎಂದು ಹೇಳುವ ಹಾಗೆ ಹೇಳಿದರು. ನನ್ನ ಕೈ ಅವರ ಹೆಗಲ ಮೇಲೇ ಇತ್ತು. ಅದನ್ನು ಹೇಗೆ ತೆಗೆಯಬೇಕೆಂದು ತಿಳಿಯಲಿಲ್ಲ. ಅಷ್ಟರಲ್ಲಿ ಬಸ್ಸು ಬಂತು. ಹುಡುಗಿಯರು ಓಡಿ ಬಂದರು. ಈರಣ್ಣ ಮಗಳನ್ನು ಮುಂದೆ ಹತ್ತಿಸಿ, ಮೆಟ್ಟಿಲ ಮೇಲೆ ನಿಂತು ತಿರುಗಿ ನನಗೆ ಕೈ ಮುಗಿದರು. ಕಿಟಕಿಯಿಂದ ರೇಣುಕಾ, ಐದನೆಯ ಪ್ರಶ್ನೆ ಹಾಗೇ ಉಳಿಯಿತು, ಇನ್ನೊಮ್ಮೆ ಬಂದಾಗ ಕೇಳುತ್ತೇನೆ ಎಂದು ಸ್ಮಿತಾಳಿಗೆ ಕೂಗಿ ಹೇಳಿದಳು.

ಮನೆಗೆ ಬಂದಾಗ ವಿಜಯಾ ಬಾಗಿಲಲ್ಲೇ ಇದ್ದಳು. ಸ್ಮಿತಾ ಒಳಗೆ ಹೋದ ಮೇಲೆ ಕೇಳಿದಳು.

“ಹೇಳಿದ್ರಿ?”

“ಹೂಂ.”

“ಏನಂದ್ರು?”

ನಾನು ಚಪ್ಪಲಿ ಬಿಡಲು ಬಗ್ಗಿದೆ.

“ಬಸ್ಸು ಖಾಲಿ ಇತ್ತು,” ಎಂದೆ. “ಇಬ್ಬರಿಗೂ ಕುಂಡ್ರಾಕ ಜಾಗಾ ಸಿಕ್ತು.”